ಆಷಾಢದಲ್ಲಿ ಕೊಂಡ ಕಾರು

ಸೊಂಟ ಹಿಡಿದುಕೊಂಡ ಮೇಲೆ ಅವ್ವನಿಗೆ ಬಸ್ಸಿನ ಮೆಟ್ಟಿಲು ಹತ್ತಲಾಗುತ್ತಿರಲಿಲ್ಲ. ನಮ್ಮ ಕಡೆಯ ಬಸ್ಸುಗಳ ಮೊದಲ ಮೆಟ್ಟಿಲು ಎಷ್ಟು ಎತ್ತರ ಎನ್ನುವುದು ಮೊಣಕಾಲು ಗಟ್ಟಿಯಿರುವವರಿಗೆ ತಿಳಿಯುವುದಿಲ್ಲ. ಒಂದು ದಿನ ಪಾಂಡವಪುರದ ಬಸ್ ಸ್ಟ್ಯಾಂಡಿನಲ್ಲಿ ಕೆಳಗಿನಿಂದ ನಾನು ನೂಕಿದೆ, ಮೇಲಿನಿಂದ ಕಂಡಕ್ಟರ್ ಕೈ ಹಿಡಿದು ಎಳೆದ. ಅವ್ವ ಅರ್ಧದಲ್ಲೇ ನಿಂತು, "ಬುಡ್ರಲಾ, ನಾನೇನು ಭತ್ತದ ಮೂಟೆನಾ?" ಎಂದು ಬೈದು ಕೆಳಗಿಳಿದುಬಿಟ್ಟಳು. ಅಲ್ಲಿಗೆ ಅವಳ ಬಸ್ಸಿನ ಓಡಾಟ ಮುಗಿಯಿತು.

ಅವಳು ಹೋಗಬೇಕಾಗಿದ್ದುದು ದೂರದ ಊರಿಗೇನಲ್ಲ. ನಾಗಮಂಗಲ ದಾಟಿ ದೇವಲಾಪುರದ ಕಡೆ ಹೋದರೆ ಒಂದು ಹಳ್ಳಿ. ಅಲ್ಲಿ ಅವಳ ಅಕ್ಕ, ನನ್ನ ದೊಡ್ಡವ್ವ. ಒಡಹುಟ್ಟಿದವರು ಅಂತ ಉಳಿದಿದ್ದವರು ಅವರಿಬ್ಬರೇ. ದೊಡ್ಡವ್ವನ ಕಣ್ಣು ಮಬ್ಬಾಗುತ್ತ ಬಂದಿತ್ತು. ಪೊರೆಯಲ್ಲ, ನರದ ದೋಷ, ಆಪರೇಷನ್ ಮಾಡಿ ಪ್ರಯೋಜನವಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಆ ಕಡೆಯಿಂದ ಮೋಟಾರು ರಿಪೇರಿಗೆ ತಂದವರೊಬ್ಬರ ಬಾಯಲ್ಲಿ ಅವಳು ಹೇಳಿ ಕಳಿಸಿದ್ದಳು: "ಕಣ್ಣು ಇನ್ನೂ ಒಸಿ ಕಾಣ್ತದೆ. ಪೂರ್ತಿ ಕತ್ಲಾಗೋಕ್ ಮುಂಚೆ ಬಂದು ಮೊಕ ತೋರ್ಸಿ ಓಗು ಅನ್ನಿ ನನ್ ತಂಗಿಗೆ."

ಅದನ್ನು ಕೇಳಿದ ದಿನದಿಂದ ಅವ್ವ ಬಾಯಿಬಿಟ್ಟು ಏನೂ ಕೇಳಲಿಲ್ಲ. ಊಟಕ್ಕೆ ಕೂತಾಗ ಸುಮ್ಮನೆ ನನ್ನ ಮುಖ ನೋಡುತ್ತಿದ್ದಳು. ಕೇಳಿದ್ದರೆ ಉತ್ತರ ಕೊಡಬಹುದಿತ್ತು. ನೋಡುವವರಿಗೆ ಏನು ಹೇಳುವುದು?

ಬಾಡಿಗೆ ಕಾರು ಮಾಡಿಕೊಂಡು ಹೋಗಬಹುದಿತ್ತಲ್ಲ ಎನ್ನುತ್ತೀರಿ. ನಾನೂ ಸ್ಟ್ಯಾಂಡಿಗೆ ಹೋಗಿ ವಿಚಾರಿಸಿದೆ. ಹೋಗುವುದಕ್ಕೊಂದು, ಬರುವುದಕ್ಕೊಂದು, ಕಾಯುವುದಕ್ಕೊಂದು, ಡ್ರೈವರನ ಊಟಕ್ಕೊಂದು, ಮಣ್ಣು ರಸ್ತೆ ಅಂದ ಕೂಡಲೇ ಮೇಲೆ ಇನ್ನೊಂದು. ಕೇಳಿಸಿಕೊಂಡು ಎದ್ದು ಬಂದೆ. ಒಂದು ಸಲ ಹೋಗಿ ಬಂದರೆ ಅವ್ವನಿಗೆ ಸಾಕಾಗುವುದಿಲ್ಲ, ತಿಂಗಳಿಗೊಮ್ಮೆ ಹೊರಡುತ್ತಾಳೆ ಎಂಬುದು ಗೊತ್ತಿತ್ತು. ಹಾಗಿದ್ದ ಮೇಲೆ ಹಳೆಯದಾದರೂ ಸರಿ, ಸ್ವಂತದ್ದೇ ಒಂದು ಕಾರಿರಲಿ ಎಂದು ತೀರ್ಮಾನಿಸಿದೆ. ಈಗಲೂ ಹೇಳುತ್ತೇನೆ, ಆ ತೀರ್ಮಾನದಲ್ಲಿ ತಪ್ಪಿರಲಿಲ್ಲ.

ತೊಂಬತ್ತರ ದಶಕದ ನಡುವಿನ ಮಾತಿದು. ಪಾಂಡವಪುರದಲ್ಲಿ ನನ್ನದು ಮೋಟಾರು ರಿವೈಂಡಿಂಗ್ ಅಂಗಡಿ. ಕರೆಂಟು ಏರಿಳಿದು ಸುಟ್ಟುಹೋದ ಪಂಪ್‌ಸೆಟ್ಟುಗಳಿಗೆ ಹೊಸದಾಗಿ ತಾಮ್ರದ ತಂತಿ ಸುತ್ತಿಕೊಡುವ ಕೆಲಸ. ಬರಿಗೈಯಲ್ಲಿ ಊರಿಂದ ಬಂದು, ಇನ್ನೊಬ್ಬರ ಜಗಲಿಯ ಮೇಲೆ ಶುರುಮಾಡಿ, ನನ್ನದೇ ಬಾಗಿಲು ಅನ್ನುವಷ್ಟಕ್ಕೆ ಬಂದಿದ್ದೆ. ಇದು ಕೈಚಳಕದಿಂದ ಆದದ್ದಲ್ಲ, ಚೌಕಾಸಿಯಿಂದ ಆದದ್ದು. ತಂತಿ ಕೊಳ್ಳುವಾಗ, ಜಾಗ ಹಿಡಿಯುವಾಗ, ಕೊನೆಗೆ ಸೊಪ್ಪು ಕೊಳ್ಳುವಾಗಲೂ ನಾನು ಹೇಳಿದ ಬೆಲೆ ಕೊಟ್ಟವನಲ್ಲ. ಸುತ್ತಿನವರು ಎತ್ತು ಕೊಳ್ಳಲಿ, ಸೈಟು ಕೊಳ್ಳಲಿ, ಮಗಳಿಗೆ ಓಲೆ ಕೊಳ್ಳಲಿ, "ಒಂದ್ಗಳಿಗೆ ಬಂದೋಗಣ್ಣ" ಎಂದು ನನ್ನನ್ನು ಕರೆದುಕೊಂಡು ಹೋಗುತ್ತಿದ್ದರು.

ಹಳೆಯ ಗಾಡಿ ಕೊಳ್ಳುವವರಿಗೆ ನನ್ನದೊಂದು ಮಾತು: ಕೊಳ್ಳುವುದಾದರೆ ಆಷಾಢದಲ್ಲೇ ಕೊಳ್ಳಿ. ಆ ತಿಂಗಳು ನಮ್ಮ ಕಡೆ ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಹೊಸ ವಸ್ತು ಯಾರೂ ಮನೆಗೆ ತರುವುದಿಲ್ಲ. ಮಾರುವವನು ಬಾಗಿಲಲ್ಲಿ ನೊಣ ಹೊಡೆಯುತ್ತ ಕೂತಿರುತ್ತಾನೆ. ಆಗ ಹೋಗಿ ಕೂರಬೇಕು. ನೀವು ಸುಮ್ಮನೆ ಕೂತರೂ ಬೆಲೆ ತಾನಾಗಿ ಇಳಿಯುತ್ತದೆ.

ಶ್ರೀರಂಗಪಟ್ಟಣದಲ್ಲಿ ಒಬ್ಬರು ಪ್ರವಾಸಿಗಳಿಗೆ ಕಾರು ಬಿಡುತ್ತಿದ್ದರು. ಮೂರೋ ನಾಲ್ಕೋ ಗಾಡಿ ಇಟ್ಟುಕೊಂಡಿದ್ದು, ಒಂದನ್ನು ಮಾರುತ್ತಾರೆಂದು ತಿಳಿಯಿತು. ಬಿಳಿ ಬಣ್ಣ, ದಪ್ಪ ಮೂತಿ, ಆಗ ಸಾಹೇಬರೂ ಬಾಡಿಗೆಯವರೂ ಇಬ್ಬರೂ ಓಡಿಸುತ್ತಿದ್ದ ಅದೇ ಜಾತಿಯ ಕಾರು. ಬಾಗಿಲು ಅಗಲ, ಸೀಟು ತಗ್ಗು. ಸೊಂಟ ನೋವಿನವರು ತಿರುಗಿ ಕೂತು ಕಾಲು ಒಳಗೆಳೆದುಕೊಂಡರೆ ಆಯಿತು. ಅವ್ವನಿಗೇ ಮಾಡಿಸಿದ ಹಾಗಿತ್ತು.

ಅದು ನನಗೆ ಹಿಡಿಸಿದೆ ಎಂದು ಮುಖದಲ್ಲಿ ತೋರಿಸಲಿಲ್ಲ. ಹಳೆಯ ಸ್ಪೀಕರಿನಿಂದ ಬಿಚ್ಚಿದ ಅಯಸ್ಕಾಂತವೊಂದನ್ನು ಜೇಬಿನಲ್ಲಿಟ್ಟುಕೊಂಡು ಹೋಗಿದ್ದೆ. ಬಾಗಿಲು, ಮಡ್‌ಗಾರ್ಡುಗಳ ಮೇಲೆಲ್ಲ ಅದನ್ನು ಆಡಿಸಿದೆ. ಅಂಟಿಕೊಂಡರೆ ತಗಡು, ಜಾರಿ ಬಿದ್ದರೆ ಒಳಗೆ ತುಕ್ಕು ಹಿಡಿದು ಪುಟ್ಟಿ ಮೆತ್ತಿದ್ದಾರೆ ಎಂದರ್ಥ. ಎರಡು ಕಡೆ ಬಿತ್ತು, ಎರಡನ್ನೂ ಜೋರಾಗಿ ಹೇಳಿದೆ. ಎಂಜಿನ್ ಆಯಿಲ್ ಅದ್ದಿ ಬೆರಳಲ್ಲಿ ತಿಕ್ಕಿ ನೋಡಿದೆ. ರೇಡಿಯೇಟರ್ ಮುಚ್ಚಳ ತೆಗೆದು ನೀರಿನ ಮೇಲೆ ಎಣ್ಣೆ ತೇಲುತ್ತಿದೆಯೇ ನೋಡಿದೆ. ಟೈರುಗಳ ಮೇಲೆ ಅಂಗೈ ಸವರಿದೆ. ನಾಲ್ಕೂ ಚೆನ್ನಾಗಿದ್ದವು, ಸ್ಟೆಪ್ನಿ ಇನ್ನೂ ಚೆನ್ನಾಗಿತ್ತು.

"ಗೌಡ್ರೆ, ನೀವು ಕಾರ್ ನೋಡ್ತಿದ್ದೀರೋ, ಎತ್ತಿನ ಅಲ್ಲು ಎಣಿಸ್ತಿದ್ದೀರೋ?" ಎಂದರು ಮಾರುವ ಯಜಮಾನರು.

"ಎತ್ತಾದ್ರೆ ಸುಳ್ಳು ಏಳಾಕಿಲ್ಲ ಯಜಮಾನ್ರೆ," ಎಂದೆ.

ಬೆಳಗೊಳದವರೆಗೆ ನಾನೇ ಓಡಿಸಿಕೊಂಡು ಹೋಗಿ ಬಂದೆ. ಟ್ರಾಕ್ಟರಿನಲ್ಲಿ ಕೈ ಪಳಗಿ ಲೈಸೆನ್ಸು ಮಾಡಿಸಿದ್ದವನು ನಾನು. ಎಂಜಿನ್ನು ಗುಡುಗುಡು ಅನ್ನದೆ ಸಮನಾಗಿ ಓಡಿತು. ಬ್ರೇಕು ಒತ್ತಿದಲ್ಲಿ ನಿಂತಿತು. ಕಿಲೋಮೀಟರ್ ತೋರಿಸುವ ಮುಳ್ಳು ಮಾತ್ರ ಅಲ್ಲಾಡುತ್ತಿರಲಿಲ್ಲ, ಅಂಕಿಗಳೂ ನಿಂತಿದ್ದವು. "ಮೀಟ್ರೇ ಇಲ್ದಿರೋ ಗಾಡಿ ಎಷ್ಟು ಓಡದೆ ಅಂತ ಯಾರಿಗ್ ಗೊತ್ತು?" ಎಂದು ಆ ಒಂದೇ ಕಾರಣಕ್ಕೆ ಚೆನ್ನಾಗಿ ಇಳಿಸಿದೆ. ಪೂರ್ತಿ ದುಡ್ಡು ಒಂದೇ ಸಲ ಕೊಟ್ಟರೆ ಇನ್ನೂ ಒಸಿ ಬಿಡುತ್ತೇನೆ ಎಂದರು. ಅದನ್ನೂ ಬಿಡಿಸಿಕೊಂಡು, ಕಾಗದ ಪತ್ರ ನನ್ನ ಹೆಸರಿಗೆ ಬರೆಸಿಕೊಂಡು, ಕತ್ತಲಾಯಿತೆಂದು ಗಾಡಿ ಅಲ್ಲೇ ಬಿಟ್ಟು, ಬೀಗದ ಕೈ ಜೇಬಿಗಿಳಿಸಿ ಮನೆಗೆ ಬಂದೆ. ಅಷ್ಟು ಹಗುರವಾಗಿ ನಾನು ಮನೆಗೆ ಬಂದದ್ದು ಕಡಿಮೆ.

ಅವ್ವ ಕೇಳಿದ ಮೊದಲ ಮಾತು: "ಗಾಡಿ ಎಲ್ಲಿ?"

"ನಾಳೆ ತತ್ತೀನಿ."

"ಆಸಾಡ್ದಲ್ಲಾ? ಬ್ಯಾಡ ಕಣ್ಲಾ. ನಿಮ್ಮಪ್ಪ ಒಂದ್ ಕೋಳಿಗೂಡ ಆಸಾಡ್ದಲ್ಲಿ ಮನೆಗೆ ತಂದೋನಲ್ಲ. ಸ್ರಾವಣ ಉಟ್ಲಿ, ಆಮೇಲೆ ತಾ."

"ಅವ್ವ, ದೊಡ್ಡವ್ವನ ಕಣ್ಣು ಸ್ರಾವಣ ಕಾಯ್ತದಾ?"

"ಇಷ್ಟ್ ದಿನ ಕಾದದೆ, ಇನ್ನೊಸಿ ದಿನ ಕಾಯ್ತದೆ. ಕೆಟ್ ಗಳಿಗೇಲಿ ಬಂದ ಗಾಡಿ ಅತ್ಕೊಂಡು ನಾನು ಅಕ್ಕನ್ ತಾವ್ ಓಗಾಕಿಲ್ಲ."

ನನ್ನ ಹೆಂಡತಿ ಒಲೆಯ ಮುಂದಿನಿಂದಲೇ, "ದುಡ್ಡು ಕೊಡಾಕೆ ಆಸಾಡ ಇಲ್ವಂತಾ?" ಎಂದಳು.

ಮರುದಿನ ಶ್ರೀರಂಗಪಟ್ಟಣಕ್ಕೆ ಹೋಗಿ ಯಜಮಾನರಿಗೆ ವಿಷಯ ಹೇಳಿದೆ. ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ. "ಅದಕ್ಕೇನಂತೆ, ನಮ್ ಶೆಡ್ಡಲ್ಲೇ ಇರ್ಲಿ ಬುಡಿ. ಟಾರ್ಪಾಲ್ ಒದ್ಸಿ ಇಡ್ತೀನಿ. ಆದ್ರೆ ಬೀಗದ ಕೈ ಕೊಟ್ಟೋಗಿ. ಆಗಾಗ ಸ್ಟಾರ್ಟ್ ಮಾಡ್ತಿರ್ಬೇಕು, ಇಲ್ದಿದ್ರೆ ಬ್ಯಾಟ್ರಿ ಇಳಿದೋಯ್ತದೆ." ಬ್ಯಾಟರಿಯ ಮಾತು ಸರಿಯಾದದ್ದೇ. ನಾನೂ ಕರೆಂಟಿನ ಕಸುಬಿನವನೇ, ಇಲ್ಲ ಅನ್ನುವುದು ಹೇಗೆ? ಬೀಗದ ಕೈ ಕೊಟ್ಟು ಬಂದೆ.

ಶ್ರಾವಣದ ಮೊದಲ ವಾರ ಕಾರು ತರಲು ಹೋದಾಗ ಅದು ತೊಳೆದು, ಒರೆಸಿ, ಹೂವಿನ ಹಾರ ಹಾಕಿಸಿಕೊಂಡು ನಿಂತಿತ್ತು. ಬಾನೆಟ್ಟಿನ ಮೇಲೆ ಅರಿಶಿನ ಕುಂಕುಮ. ಟೈರುಗಳಿಗೆ ಕರಿ ಪಾಲಿಶು. ಇಲ್ಲಿ ಓದುವವರು ಗಮನಿಸಬೇಕು: ಕರಿ ಪಾಲಿಶು ಹೊಡೆದ ಟೈರನ್ನು ಬಟ್ಟೆಯಲ್ಲಿ ಒರೆಸಿ ನೋಡದೆ ಗಾಡಿ ಹತ್ತಬೇಡಿ. ನಾನು ಬಗ್ಗಿದೆ. ಆದರೆ ಯಜಮಾನರು ಆಗಲೇ ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟಾಗಿತ್ತು. "ರಾಹುಕಾಲ ಬಂದ್ಬುಡ್ತದೆ ಗೌಡ್ರೆ, ಮೊದ್ಲು ಗಾಡಿ ಎತ್ತಿ" ಎಂದು ಅವಸರ ಮಾಡಿದರು. ಮನೆಯಲ್ಲಿ ಅವ್ವ ಆರತಿ ತಟ್ಟೆ ಹಿಡಿದುಕೊಂಡು ಕಾಯುತ್ತಿದ್ದಳು. ರಾಹುಕಾಲದಲ್ಲಿ ಬಂದರೆ ಮತ್ತೆ ಹಿಂದಕ್ಕೆ ಕಳಿಸುತ್ತಾಳೆ. ನಿಂಬೆಹಣ್ಣು ಹಿಸುಕಿ ಹೊರಟುಬಿಟ್ಟೆ.

ದಾರಿಯಲ್ಲೇ ಕಾಲಿಗೆ ವ್ಯತ್ಯಾಸ ತಿಳಿಯಿತು. ಬ್ರೇಕು ಆಳಕ್ಕೆ ಹೋಗುತ್ತಿತ್ತು. ಕ್ಲಚ್ಚು ಬಿಟ್ಟರೂ ಗಾಡಿ ಎಳೆಯದೆ ಎಂಜಿನ್ನು ಬರೀ ಕೂಗುತ್ತಿತ್ತು. ತಿಂಗಳು ನಿಂತಿದ್ದಕ್ಕೆ ಹೀಗಾಗಿರಬೇಕು, ಓಡಿದರೆ ಸರಿಹೋಗುತ್ತದೆ ಅಂದುಕೊಂಡೆ.

ಆ ಭಾನುವಾರವೇ ಅವ್ವನನ್ನು ಕೂರಿಸಿಕೊಂಡು ಹೊರಟೆ. ಮಡಿಲಲ್ಲಿ ಹುರಿಗಾಳಿನ ಡಬ್ಬ, ಕೈಯಲ್ಲಿ ಹೊಸ ಸೀರೆಯ ಚೀಲ. ಹಿಂದಿನ ಸೀಟಿನಲ್ಲಿ ನೆಟ್ಟಗೆ ಕೂತು ಎಡಕ್ಕೂ ಬಲಕ್ಕೂ ನೋಡುತ್ತ ಬಂದಳು. ಜಕ್ಕನಹಳ್ಳಿ ದಾಟಿ ಒಂದು ಏರು ಸಿಕ್ಕಿತು, ಬೆಟ್ಟವೇನಲ್ಲ, ಸಾದಾ ಏರು. ಕಾರಿನೊಳಗೆ ಸುಟ್ಟ ವಾಸನೆ ತುಂಬಿತು. ರೇಡಿಯೇಟರಿನಿಂದ ಹಬೆ ಎದ್ದು ಮುಂದಿನ ಗಾಜಿನಲ್ಲಿ ದಾರಿ ಕಾಣದಂತಾಯಿತು. ಸೈಕಲ್ಲಿನಲ್ಲಿ ಹಾಲಿನ ಕ್ಯಾನು ಕಟ್ಟಿಕೊಂಡು ಬರುತ್ತಿದ್ದವನೊಬ್ಬ ನಮ್ಮನ್ನು ದಾಟಿಕೊಂಡು ಹೋಗುತ್ತ, "ಏನಣ್ಣ, ಒಳಗೆ ಅನ್ನ ಬೇಯಕ್ಕಿಟ್ಟಿದ್ದೀಯಾ?" ಎಂದ. ನೀರು ಸುರಿದು, ತಣಿಸಿ, ಗಾಡಿ ತಿರುಗಿಸಿದೆ. ಅವ್ವ ಹುರಿಗಾಳಿನ ಡಬ್ಬವನ್ನು ಬಿಚ್ಚಲೇ ಇಲ್ಲ. ಹಾಗೇ ಅಟ್ಟದ ಮೇಲಿಟ್ಟಳು.

ಪಾಂಡವಪುರದಲ್ಲಿ ನನಗೆ ಗೊತ್ತಿದ್ದ ಮೆಕ್ಯಾನಿಕ್ಕು ಒಬ್ಬರು ಸಾಬರು. ಕೆಲಸಕ್ಕಿಂತ ಮಾತು ಜಾಸ್ತಿ, ಆದರೆ ಸುಳ್ಳು ಹೇಳುವವರಲ್ಲ. ಚಕ್ರ ಬಿಚ್ಚಿ ಒಳಗಿನ ಬ್ರೇಕ್ ಶೂ ತೆಗೆದು ನನ್ನ ಕೈಗೆ ಕೊಟ್ಟರು. ಕಾಗದದಷ್ಟು ತೆಳ್ಳಗೆ ಸವೆದು, ಸುಟ್ಟು ಹೊಳೆಯುತ್ತಿತ್ತು.

"ಅರೆ ಭಾಯ್, ಈ ಗಾಡಿ ಎಲ್ಲಿ ಓಡದೆ?"

"ಎಲ್ಲೂ ಇಲ್ಲ. ತಿಂಗಳಿಂದ ಶೆಡ್ಡಲ್ಲಿ ನಿಂತಿತ್ತು."

ಸಾಬರು ನಕ್ಕರು. ಬಟ್ಟೆಗೆ ಪೆಟ್ರೋಲು ಹಾಕಿ ಮುಂದಿನ ಟೈರಿನ ಕರಿ ಪಾಲಿಶು ಒರೆಸಿದರು. ಅಂಚಿನಲ್ಲಿ ಅಚ್ಚೇ ಉಳಿದಿರಲಿಲ್ಲ, ನೂಲು ಕಾಣುತ್ತಿತ್ತು. "ಸಾಪ್ ರೋಡಲ್ಲಿ ಟೈರು ಇಂಗೆ ಸವೆಯಾಕಿಲ್ಲ. ಇದು ತಿರುವಲ್ಲಿ ಸವೆದಿರೋದು. ಅತ್ತೋವಾಗ ಕ್ಲಚ್ಚು, ಇಳಿಯೋವಾಗ ಬ್ರೇಕು. ಹೇಳಿ, ಆಸಾಡ್ದಲ್ಲಿ ಜನ ಎಲ್ಲಿಗ್ ಓಗ್ತಾರೆ?"

ಅದನ್ನು ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಆಷಾಢ ಶುಕ್ರವಾರ ಎಂದರೆ ಮೈಸೂರಿನ ಚಾಮುಂಡಿ ಬೆಟ್ಟ. ಸುತ್ತಲಿನ ಜನವೆಲ್ಲ ಅಲ್ಲೇ. ಬಾಡಿಗೆಯವರಿಗೆ ಆ ತಿಂಗಳಲ್ಲಿ ಇರುವ ದುಡಿಮೆ ಅದೊಂದೇ, ಆದರೆ ಒಂದೊಂದು ಶುಕ್ರವಾರವೂ ಒಂದು ತಿಂಗಳಿನ ದುಡಿಮೆ. ಒಂದು ಸಲಕ್ಕೆ ಎಂಟು ಹತ್ತು ಜನರನ್ನು ತುರುಕಿ, ಸಾಲಿನಲ್ಲಿ ತೆವಳುತ್ತ ಹತ್ತಿಸಿ, ಇಳಿಸಿ, ಮತ್ತೆ ಹತ್ತಿಸಿದ್ದಾರೆ. ನನ್ನ ಹೆಸರಿನ ಕಾರಿನಲ್ಲಿ! ಎಷ್ಟು ಸಲ ಎಂದು ಹೇಳಲು ಮೀಟರು ಓಡುವುದಿಲ್ಲ. ಆ ಮೀಟರು ಓಡುವುದಿಲ್ಲ ಎಂದೇ ಬೆಲೆ ಇಳಿಸಿದ್ದವನು ನಾನು. ಆಷಾಢದಲ್ಲಿ ಕೊಂಡು, ಆಷಾಢವೆಂದು ಮನೆಗೆ ತರದೆ, ಆಷಾಢದಲ್ಲಿ ದುಡಿಯುವವನ ಶೆಡ್ಡಿನಲ್ಲಿ ಬೀಗದ ಕೈ ಸಮೇತ ಬಿಟ್ಟು ಬಂದಿದ್ದೆ. ಸಿಟ್ಟಿಗೆ ಅಂದು ಊಟ ಸೇರಲಿಲ್ಲ.

ಬ್ರೇಕು ಹೊಸದು ಹಾಕಿಸಿ, ರೇಡಿಯೇಟರು ಬೆಸುಗೆ ಮಾಡಿಸಿ, ನೇರ ಶ್ರೀರಂಗಪಟ್ಟಣಕ್ಕೆ ಹೊರಟೆ. ಅವ್ವ, "ನಾನೂ ಬತ್ತೀನಿ, ಕಾವೇರಿಗೆ ಕೈ ಮುಗಿದು ವರ್ಸಾಯ್ತು" ಎಂದು ಹತ್ತಿ ಕೂತಳು. ಬೇಡ ಅನ್ನಬೇಕಿತ್ತು. ಜಗಳಕ್ಕೆ ಹೋಗುವಾಗ ಮನೆಯ ಹಿರಿಯರನ್ನು ಕರೆದುಕೊಂಡು ಹೋಗಬೇಡಿ, ಇದನ್ನು ಬರೆದಿಟ್ಟುಕೊಳ್ಳಿ.

ಯಜಮಾನರು ಶೆಡ್ಡಿನ ಮುಂದೆಯೇ ಸಿಕ್ಕರು. ಸುಟ್ಟ ಬ್ರೇಕ್ ಶೂಗಳನ್ನು ಅವರ ಮುಂದೆ ಹಾಕಿದೆ. "ಇದೇನು ಯಜಮಾನ್ರೆ? ನನ್ ಗಾಡಿ ಬೆಟ್ಟಕ್ಕೆ ಬಾಡಿಗೆ ಒಡ್ದಿದ್ದೀರಿ. ಟೈರು, ಬ್ರೇಕು, ಕ್ಲಚ್ಚು ಮೂರೂ ಓಗದೆ. ಲೆಕ್ಕ ಆಕಿ ಕೊಡಿ."

ಅವರು ಸ್ವಲ್ಪವೂ ಗಲಿಬಿಲಿಯಾಗಲಿಲ್ಲ. ನನ್ನನ್ನು ಬಿಟ್ಟು ಹಿಂದಿನ ಸೀಟಿನ ಕಡೆ ತಿರುಗಿ ಕೈ ಮುಗಿದರು.

"ಅವ್ವಾ, ಮಗ ಕೋಪ ಮಾಡ್ಕತಾವ್ರೆ. ನೀವು ದೊಡ್ಡೋರು, ನೀವೇ ಏಳಿ. ಒಸ ಯಜಮಾನ್ರ ಮನೆಗ್ ಓಗೋ ಗಾಡಿ, ಬರೀ ಮೈಯಲ್ಲಿ ಕಳಿಸ್ಬಾರ್ದು ಅಂತ ಪ್ರತಿ ಶುಕ್ರವಾರನೂ ತಾಯಿ ಪಾದಕ್ಕೆ ಮುಟ್ಟಿಸ್ಕಂಡ್ ಬಂದಿವ್ನಿ. ತಾಯಿ ಕುಂಕ್ಮ ಇನ್ನೂ ಬಾನೆಟ್ ಮೇಲದೆ, ನೋಡಿ."

ಅವ್ವ ಕಿಟಕಿಯಿಂದ ಬಗ್ಗಿ ನೋಡಿದಳು. "ಪ್ರತಿ ಸುಕ್ರವಾರನೂವಾ?"

"ಒಂದೂ ತಪ್ಪಿಲ್ಲ ಕಣವ್ವ."

"ಒಂದೊಂದ್ ಶುಕ್ರವಾರಕ್ಕೆ ಎಷ್ಟ್ ಸಲ ಅಂತ ಕೇಳವ್ವ!" ಎಂದೆ ನಾನು.

"ನೀನ್ ಸುಮ್ಕಿರ್ಲಾ. ಒಂದ್ ಸಲ ತಾಯಿ ದರ್ಸನ ಸಿಗಾದೇ ಪುಣ್ಯ, ಇವನು ಎಷ್ಟ್ ಸಲ ಅಂತ ಲೆಕ್ಕ ಕೇಳ್ತಾನೆ." ಅವ್ವ ಎರಡೂ ಕೈ ಎತ್ತಿ ಕೆನ್ನೆಗೆ ತಟ್ಟಿಕೊಂಡಳು. "ನಾನ್ ಕಾಣೆ, ಅಂಗಾದ್ರೆ ಗಾಡಿ ಒಳ್ಳೇದೇ ಬುಡು. ಅದ್ಕೇ ಆವತ್ತು ಆ ಏರಲ್ಲಿ ನಿಂತ್ಕಂತೇ ಒರ್ತು ಉರುಳ್ನಿಲ್ಲ."

ಯಜಮಾನರು ಅವ್ವನಿಗೆ ಎಳನೀರು ಕೊಚ್ಚಿ ತಂದುಕೊಟ್ಟರು. ಎಳನೀರು ಕುಡಿದ ಬಾಯಲ್ಲಿ ಜಗಳ ಮಾಡುವುದು ಅವ್ವನಿಗೆ ಸರಿಬೀಳುವುದಿಲ್ಲ. ನಾನು ಮಾತು ಎತ್ತಿದಾಗೆಲ್ಲ ಅವಳು, "ಆಯ್ತು ನಡೀಲಾ" ಎಂದಳು. ಎದುರಿಗಿದ್ದವನ ಬಾಯಿ ಮುಚ್ಚಿಸುವುದು ನನಗೆ ಗೊತ್ತು. ಹಿಂದಿನ ಸೀಟಿನಲ್ಲಿರುವವರ ಬಾಯಿ ಮುಚ್ಚಿಸುವುದು ಹೇಗೆ? ಒಂದು ಹಳೆಯ ಸ್ಟೆಪ್ನಿಯನ್ನಾದರೂ ಬಿಡಿಸಿಕೊಳ್ಳೋಣವೆಂದರೆ ಅದೂ ಆಗಲಿಲ್ಲ. ನಾನು ನೋಡಿದ್ದ ಒಳ್ಳೆಯ ಸ್ಟೆಪ್ನಿ ಯಾವಾಗಲೋ ಬದಲಾಗಿತ್ತು.

ಟೈರಿಗಾಗಿ ಕೆ.ಆರ್. ಪೇಟೆಗೆ ಹೋದೆ. ಹೊಸದು ಕೊಳ್ಳುವ ಮಾತೇ ಇರಲಿಲ್ಲ. ಅಲ್ಲೊಬ್ಬರು ಸವೆದ ಟೈರಿನ ಮೇಲೆ ಹೊಸ ರಬ್ಬರು ಕೂರಿಸಿ ರಿಬಟನ್ ಮಾಡಿ ಮಾರುತ್ತಿದ್ದರು. ರಿಬಟನ್ ಟೈರು ಕೊಳ್ಳುವಾಗ ಮೇಲಿನ ಹೊಸ ಅಚ್ಚು ನೋಡಿ ಮರುಳಾಗಬಾರದು. ಪಕ್ಕದ ಗೋಡೆಯನ್ನು ಬಾಗಿಸಿ ಬಿರುಕು ಬಿಟ್ಟಿದೆಯೇ ನೋಡಬೇಕು, ಒಳಗೆ ಕೈ ಹಾಕಿ ತೇಪೆ ಇದೆಯೇ ಸವರಬೇಕು, ಹಳೆಯದೂ ಹೊಸದೂ ಸೇರುವ ಅಂಚನ್ನು ಉಗುರಿನಿಂದ ಕೆದಕಬೇಕು. ಬೆಳಿಗ್ಗೆ ಕೂತವನು ಅಂಗಡಿಯವನು ಊಟಕ್ಕೆ ಏಳುವ ತನಕ ಏಳಲಿಲ್ಲ.

"ಅಣ್ಣ, ನೀನು ಟೈರ್ ತಕೊಂಡೋಗ್ತೀಯೋ, ಇಲ್ಲ ನಾನು ಅಂಗ್ಡಿ ನಿಂಗ್ ಬುಟ್ಟು ಓಗ್ಲೋ?" ಎಂದು ಅವನು ಕೇಳಿದ ಮೇಲೆ ಬೆಲೆ ಕುದುರಿತು.

ನನ್ನ ಹಳೆಯ ಟೈರುಗಳನ್ನು ಮಾರಿ ಒಂದಿಷ್ಟು ಹುಟ್ಟಿಸೋಣವೆಂದುಕೊಂಡಿದ್ದೆ. ಒಂಟೆತ್ತಿನ ಗಾಡಿಗೆ ಕಾರಿನ ಹಳೆಯ ಟೈರು ಹಾಕುತ್ತಾರೆ, ನಮ್ಮ ಕಡೆ ಅದಕ್ಕೆ ಯಾವಾಗಲೂ ಗಿರಾಕಿ ಉಂಟು. ಒಬ್ಬ ಬಂದ. ಟೈರನ್ನು ತಿರುಗಿಸಿ ಅಂಚು ನೋಡಿದವನೇ ಕೆಳಗೆ ಹಾಕಿದ.

"ಯಾಕಪ್ಪ?"

"ನನ್ ಎತ್ತಿಗೆ ಮರ್ಯಾದೆ ಅದೆ ಕಣಣ್ಣ," ಎಂದು ಹೋದ.

ಟೈರು ಆಯಿತು, ಬ್ರೇಕು ಆಯಿತು. ಕ್ಲಚ್ ಪ್ಲೇಟು ಉಳಿಯಿತು. ಅದನ್ನು ಬದಲಿಸಲು ಗೇರ್‌ಬಾಕ್ಸು ಇಳಿಸಬೇಕು. ಸಾಬರ ಬಳಿ ಎರಡು ಟ್ರಾಕ್ಟರು ಬಿಚ್ಚಿ ಬಿದ್ದಿದ್ದವು. "ಇವೆರಡು ಎದ್ದು ನಿಂತ್ ಮೇಲೆ ನಿಮ್ದು ಇಳಿಸ್ತೀನಿ ಭಾಯ್," ಎಂದರು. ಅಷ್ಟರಲ್ಲಿ ಗೌರಿ ಹಬ್ಬ ಮುಗಿದಿತ್ತು. ಪಿತೃಪಕ್ಷ ಬಂದುಬಿಟ್ಟರೆ ಅವ್ವ ಮತ್ತೆ ಹೊರಡುವುದಿಲ್ಲ. ದೇವಲಾಪುರದ ಕಡೆಯಿಂದ ಇನ್ನೊಂದು ಸುದ್ದಿಯೂ ಬಂದಿತ್ತು. ದೊಡ್ಡವ್ವ ಈಗ ಮನೆಯವರನ್ನು ಗುರುತಿಸುವುದು ದನಿಯಿಂದ, ಬಾಗಿಲ ಬೆಳಕಿನಲ್ಲಿ ತೀರಾ ಹತ್ತಿರ ನಿಂತರೆ ಮಾತ್ರ ಮುಖ ಕಾಣುತ್ತದೆಯಂತೆ. ಆ ಸುದ್ದಿ ತಿಳಿದು ಅವ್ವ ಮೊದಲ ಸಲ ಬಾಯಿಬಿಟ್ಟು ಕೇಳಿದಳು.

"ಮಗಾ, ಓಗಾನೆ ಬಾರ್ಲಾ. ಆ ಪ್ಲೇಟೋ ತಟ್ಟೆನೋ, ಅಲ್ಲಿಗ್ ಓದ್ ಮೇಲೆ ಆಕ್ಸುವಂತೆ."

ಸಾಬರು ಪೆಡಲ್ಲನ್ನು ಬಿಗಿ ಮಾಡಿಕೊಟ್ಟು, "ಏರಲ್ಲಿ ಮೊದಲ್ನೇ ಗೇರು. ಎಲ್ಲೂ ನಿಲ್ಲಿಸ್ಬ್ಯಾಡಿ" ಎಂದರು. ಮರುದಿನ ಬೆಳಿಗ್ಗೆಯೇ ಹೊರಟೆವು. ಅಟ್ಟದಿಂದ ಹುರಿಗಾಳು ಇಳಿಸಿ ಅವ್ವ ಮತ್ತೊಮ್ಮೆ ಬಾಣಲೆಗೆ ಹಾಕಿ ಬೆಚ್ಚಗೆ ಮಾಡಿಕೊಂಡಿದ್ದಳು. ಜಕ್ಕನಹಳ್ಳಿಯ ಆ ಏರನ್ನು ಉಸಿರು ಬಿಗಿಹಿಡಿದು ದಾಟಿದೆ. ನಾಗಮಂಗಲ ಬಂತು. ಪೇಟೆಯೊಳಗೆ ದಾರಿಗೆ ಅಡ್ಡ ಬಂದ ಕುರಿ ಮಂದೆಗೆ ನಿಲ್ಲಿಸಲೇಬೇಕಾಯಿತು. ಆಗಲೇ ಎಂಜಿನ್ನು ಕೂಗಿ ಕೂಗಿ ಎಳೆಯಿತು. ದೇವಲಾಪುರದ ರಸ್ತೆ ಹಿಡಿದೆ. ದೊಡ್ಡವ್ವನ ಊರಿನ ಅರಳಿ ಮರ ದೂರದಲ್ಲಿ ಕಾಣಿಸುತ್ತಿತ್ತು. ಅವ್ವ, "ಅಗೋ, ಅಗೋ" ಎಂದು ಬೆರಳು ತೋರಿಸಿದಳು. ಅಲ್ಲಿಗೆ ಕಾರು ನಿಂತಿತು. ಎಂಜಿನ್ನು ಓಡುತ್ತಿದೆ, ಗೇರು ಬೀಳುತ್ತಿದೆ, ಚಕ್ರ ಮಾತ್ರ ಅಲ್ಲಾಡುವುದಿಲ್ಲ. ಸುಟ್ಟ ವಾಸನೆ ಬಂತು, ಆಮೇಲೆ ಅದೂ ಇಲ್ಲ.

ನಾನು ಬಾನೆಟ್ಟಿಗೆ ಗುದ್ದಿದೆ. ಕಾರಿಗೂ, ಅದನ್ನು ಮಾರಿದವನಿಗೂ, ಬೆಟ್ಟ ಹತ್ತಿದ ಅಷ್ಟೂ ಭಕ್ತರಿಗೂ ಬೈದೆ. "ತಾಯಿ ಪಾದಕ್ ಮುಟ್ಟಿದ್ ಗಾಡಿ, ಅಂಗೆಲ್ಲ ಅನ್ಬ್ಯಾಡ" ಎಂದಳು ಅವ್ವ. ನಡೆದು ಹೋಗೋಣವೆಂದರೆ ಊರು ಅರ್ಧ ಗಂಟೆಯ ದಾರಿ. ಅವಳ ಸೊಂಟಕ್ಕೆ ಅದು ಅರ್ಧ ದಿನ. ಕಾರನ್ನು ತಳ್ಳಿ ಒಂದು ಹೊಂಗೆ ಮರದ ಕೆಳಗೆ ನಿಲ್ಲಿಸಲು ದಾರಿಹೋಕರು ಕೈ ಹಾಕಿದರು. ಅವರಲ್ಲಿ ದೊಡ್ಡವ್ವನ ಊರಿನವರೊಬ್ಬರಿದ್ದರು. "ನೀವ್ ಮೆಕ್ಯಾನಿಕ್ ಕರ್ಕಂಡ್ ಬನ್ನಿ, ನಾನ್ ಊರಲ್ಲಿ ಏಳ್ತೀನಿ" ಎಂದು ಅವರು ಸೈಕಲ್ ಹತ್ತಿದರು. ಅವ್ವನಿಗೆ ನೀರಿನ ಚೊಂಬು ಕೊಟ್ಟು, ಎದುರು ಬಂದ ಬಸ್ಸು ಹತ್ತಿ ನಾಗಮಂಗಲಕ್ಕೆ ಹೋದೆ.

ಅಲ್ಲಿ ಕ್ಲಚ್ ಪ್ಲೇಟು ಹುಡುಕಿ, ಅದನ್ನು ಹಾಕಲು ಬರುವ ಮೆಕ್ಯಾನಿಕ್ಕೊಬ್ಬನನ್ನು ಒಪ್ಪಿಸುವ ಹೊತ್ತಿಗೆ ಮಧ್ಯಾಹ್ನ. ರಸ್ತೆಯಲ್ಲಿ ಕೆಟ್ಟು ನಿಂತವನು ಚೌಕಾಸಿ ಮಾಡಲಾರ ಎಂಬುದು ಎದುರಿಗಿರುವವನಿಗೆ ವಾಸನೆಯಲ್ಲೇ ತಿಳಿಯುತ್ತದೆ. ಅವನು ಹೇಳಿದ ಬೆಲೆಗೇ ಒಪ್ಪಿಕೊಂಡೆ. ಅವನ ಲೂನಾದ ಹಿಂದೆ ಜಾಕು, ಸ್ಪ್ಯಾನರುಗಳ ಚೀಲ ಹಿಡಿದು ಕೂತು ಬಂದೆ.

ಹೊಂಗೆ ಮರದ ಕೆಳಗೆ ಕಾರಿನ ಪಕ್ಕದಲ್ಲಿ ಒಂದು ಎತ್ತಿನ ಗಾಡಿ ನಿಂತಿತ್ತು. ಎತ್ತುಗಳನ್ನು ಬಿಚ್ಚಿ ಬದುವಿನಲ್ಲಿ ಮೇಯಲು ಬಿಟ್ಟಿದ್ದರು. ದೊಡ್ಡವ್ವನ ಮಗ, ನನಗಿಂತ ದೊಡ್ಡವನು, ನೊಗಕ್ಕೆ ಒರಗಿ ಎಲೆ ಅಡಿಕೆ ಹಾಕುತ್ತಿದ್ದ.

"ಬಾಪ್ಪ, ಕಾರಿನ್ ಯಜಮಾನ," ಎಂದ. "ಎತ್ತು ಕಟ್ಟಿ ಎಳ್ಕಂಡ್ ಓಗಾನಾ?"

"ಸುಮ್ನಿರಣ್ಣ, ನಂಗೇ ಎಲ್ಲಿಲ್ದ ಸಿಟ್ಟು ಬಂದದೆ."

ಕಾರಿನ ನಾಲ್ಕೂ ಬಾಗಿಲು ತೆರೆದಿದ್ದವು. ಹಿಂದಿನ ಸೀಟಿನಲ್ಲಿ ಅಕ್ಕ ತಂಗಿ ಇಬ್ಬರೂ ಕಾಲು ಮಡಿಚಿ ಎದುರು ಬದುರಾಗಿ ಕೂತಿದ್ದರು. ನಡುವೆ ಹುರಿಗಾಳಿನ ಡಬ್ಬ. ದೊಡ್ಡವ್ವ ಅವ್ವನ ಗಲ್ಲ ಹಿಡಿದು ಮುಖವನ್ನು ಬಾಗಿಲ ಬೆಳಕಿಗೆ ತಿರುಗಿಸಿಕೊಂಡು, ತನ್ನ ಮೂಗು ತಾಗುವಷ್ಟು ಹತ್ತಿರದಿಂದ ನೋಡುತ್ತಿದ್ದಳು. ಹಣೆಯಿಂದ ಶುರುಮಾಡಿ ನಿಧಾನವಾಗಿ ಕೆಳಗಿಳಿಯುತ್ತಿದ್ದಳು.

"ಅಂಗೇ ಇದೀಯ ಕಣಮ್ಮಿ," ಎಂದಳು. "ಮುಂದ್ಲ ಅಲ್ಲು ಒಂದು ಎಲ್ಲಿ ಬೀಳಿಸ್ಕಂಡೆ?"

"ಚಕ್ಕುಲಿ ಕಡ್ಯಾಕ್ ಓಗಿದ್ದೆ."

"ಯಾವಾಗ್ಲೂ ನಿಂಗ್ ಬಾಯಿ ಚಪಲ."

ಇಬ್ಬರೂ ನಕ್ಕರು. ನಾನು ಬಂದದ್ದನ್ನು ಯಾರೂ ಕೇಳಲಿಲ್ಲ. ಪ್ಲೇಟು ಸಿಕ್ಕಿತೇ, ಎಷ್ಟು ಅಲೆದೆ, ಊಟ ಮಾಡಿದೆಯಾ, ಏನೂ ಇಲ್ಲ. ಮೆಕ್ಯಾನಿಕ್ಕು ಕಾರಿನ ಅಡಿ ಬಗ್ಗಿ ನೋಡಿ ಎದ್ದ.

"ಗಾಡಿ ಜಾಕ್ ಕೊಟ್ಟು ಎತ್ಬೇಕು. ಅಮ್ಮೋರು ಇಳೀಬೇಕಾಯ್ತದೆ."

"ಅವ್ವ, ಇಬ್ರೂ ಒಸಿ ಇಳೀರಿ. ಎತ್ತಿನ್ ಗಾಡೀಲಿ ಮನೆಗ್ ಓಗಿರಿ. ರಿಪೇರಿ ಆದ್ಮೇಲೆ ಬತ್ತೀನಿ," ಎಂದೆ.

ಅವ್ವ ನನ್ನ ಕಡೆ ತಿರುಗಲೂ ಇಲ್ಲ. "ಆ ಗಾಡಿ ಮೂಕಿ ಅತ್ತಾಕೆ ನನ್ ಸೊಂಟ ಕೇಳಾಕಿಲ್ಲ. ಇಲ್ಲೇ ಚೆನ್ನಾಗದೆ. ಸೀಟು ಮೆತ್ತಗದೆ."

"ಮನೇಲಿ ಸೊಸೆ ಮೊಮ್ಮಕ್ಳು ಮಾತಾಡಾಕ್ ಬುಡಾಕಿಲ್ಲ ಮಗಾ," ಎಂದಳು ದೊಡ್ಡವ್ವ. "ಮಾತ್ ಮುಗೀಲಿ, ಇಳೀತೀವಿ."

"ಯಾವಾಗ್ ಮುಗೀತದೆ ದೊಡ್ಡವ್ವ?"

"ಇನ್ನೂ ನಮ್ ಮದ್ವೇಗೇ ಬಂದಿಲ್ಲ ಕಣ್ಲಾ, ಎಮ್ಮೆ ಮೇಯಿಸ್ತಾ ಇವ್ನಿ."

ಮೆಕ್ಯಾನಿಕ್ಕು ನನ್ನನ್ನು ನೋಡಿದ, ನಾನು ಅವನನ್ನು ನೋಡಿದೆ. ಅವನು ಜಾಕನ್ನು ಕೆಳಗಿಟ್ಟು ನನ್ನ ಅಣ್ಣನ ಪಕ್ಕ ಹೋಗಿ ಕೂತು ಎಲೆ ಅಡಿಕೆಗೆ ಕೈ ಚಾಚಿದ. ಕಾಯುವ ಹೊತ್ತಿಗೂ ಅವನು ನನ್ನಿಂದಲೇ ವಸೂಲಿ ಮಾಡುತ್ತಾನೆ ಎಂಬುದರಲ್ಲಿ ನನಗೆ ಅನುಮಾನವಿರಲಿಲ್ಲ. ಮಾಡಿದ ಕೂಡ. ನಾನು ಮೋರಿ ಕಟ್ಟೆಯ ಮೇಲೆ, ಪೇಪರು ಸುತ್ತಿದ ಕ್ಲಚ್ ಪ್ಲೇಟನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ದೇವಲಾಪುರದ ಕಡೆಯಿಂದ ಒಂದು ಬಸ್ಸು ದೂಳೆಬ್ಬಿಸಿಕೊಂಡು ಹೋಯಿತು, ಇನ್ನೊಂದು ಬಂತು.

"ಮಗಾ," ಎಂದು ಒಳಗಿನಿಂದ ದೊಡ್ಡವ್ವ ಕೂಗಿದಳು, "ಬಾಗ್ಲು ಆಕ್ಬುಟ್ಟು ಆ ಕಿಟ್ಕಿ ಗಾಜು ಏರ್ಸು. ದೂಳು ಬಂದು ಕಣ್ ಇನ್ನೂ ಮಬ್ಬಾಯ್ತದೆ, ಇವಳ್ ಮೊಕ ಕಾಣಾಕಿಲ್ಲ."

ಎದ್ದು ಹೋಗಿ ಬಾಗಿಲು ಹಾಕಿದೆ. ಗಾಜು ಏರಿಸುವ ಹಿಡಿ ಸುಮ್ಮನೆ ತಿರುಗುತ್ತಿತ್ತು, ಗಾಜು ಮೇಲೆ ಬರಲಿಲ್ಲ. ಇದೊಂದನ್ನು ಕೊಳ್ಳುವ ದಿನ ನಾನು ತಿರುಗಿಸಿ ನೋಡಿರಲಿಲ್ಲ. ಹಲ್ಲು ಕಚ್ಚಿಕೊಂಡು ಗಾಜನ್ನು ಎರಡು ಅಂಗೈಗಳ ನಡುವೆ ಹಿಡಿದು ಮೇಲಕ್ಕೆಳೆದೆ. ಬಿಟ್ಟರೆ ಜಾರುತ್ತಿತ್ತು. ಬಿಡದೆ ಹಿಡಿದುಕೊಂಡು ನಿಂತೆ. ಒಳಗೆ ದೊಡ್ಡವ್ವ ಎಮ್ಮೆ ಹೊಡೆದುಕೊಂಡು ಕೆರೆಯ ಏರಿ ಹತ್ತುತ್ತಿದ್ದಳು.